ಆಣೆ ಕೇಳದ ಮೇಡಂ

ಅವರ ಎರಡೂ ಕೈಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಬೆರಳ ತುದಿಯಿಂದ ಹೊರಟು ಮಣಿಕಟ್ಟಿನವರೆಗೆ ಹಬ್ಬಿ, ಬಳೆಗಳ ಕೆಳಗೆ ನುಸುಳಿಕೊಂಡು ಹೋಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದರು. ಇವರು ಮಾತ್ರ ಆ ಕೈಗಳನ್ನು ತೊಡೆಯ ಮೇಲೆ, ಎದುರಿಗಿದ್ದವರಿಗೆ ಪೂರ್ತಿ ಕಾಣುವ ಹಾಗೆ ಇಟ್ಟುಕೊಂಡು ಕೂರುತ್ತಿದ್ದರು. ಮೊದಲ ಸಲ ಅವರನ್ನು ಕಂಡಾಗ ನನಗೆ ಒಂಬತ್ತು ವರ್ಷ. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

"ನೋಡು, ಪರವಾಗಿಲ್ಲ. ನೋಯಲ್ಲ, ಅಂಟಲ್ಲ. ಇನ್ನೇನಾದ್ರೂ ಕೇಳ್ಬೇಕಾ?" ಅಂದರು.

ಅಲ್ಲ, ನನ್ನನ್ನು ಕೇಳಲು ಬಂದವರು ನನಗೇ ಕೇಳು ಅಂತಾರಲ್ಲ, ಇದೆಂಥ ಹೆಂಗಸು ಅನ್ನಿಸಿತು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ಕಡೆ ಎಲ್ಲಾದರೂ ಮಗುವಿಗೆ ಯಾರೋ ಕೆಟ್ಟದ್ದು ಮಾಡಿದ್ದಾರೆ ಅನ್ನುವ ಅನುಮಾನ ಬಂದರೆ, ಆ ಮಗುವಿನ ಎದುರು ಕೂತು ಮಾತಾಡಿಸುವುದು ಅವರ ಕೆಲಸ. ಮಗು ಹೇಳಿದ್ದು ಮಗುವಿನ ಮಾತಲ್ಲೇ ಕ್ಯಾಮೆರಾದಲ್ಲಿ ದಾಖಲಾಗಬೇಕು. ಬಾಯಿಗೆ ಮಾತು ಹಾಕಿಕೊಡುವಂತಿಲ್ಲ, ಚಾಕೊಲೇಟು ಕೊಟ್ಟು ಪುಸಲಾಯಿಸುವಂತಿಲ್ಲ, ಬೆನ್ನು ಸವರುವಂತೆಯೂ ಇಲ್ಲ. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನಮ್ಮದು ಹನಗೋಡಿನ ಹತ್ತಿರದ ಹಳ್ಳಿ. ಹೊಗೆಸೊಪ್ಪು ಬೆಳೆಯುವ ಮನೆ, ಹಿತ್ತಲಲ್ಲೇ ಸೊಪ್ಪು ಬೇಯಿಸುವ ಬ್ಯಾರನ್. ಮರ್ಯಾದೆ ಅನ್ನುವ ಮಾತು ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ನನಗೆ ಏನು ಮಾಡಿದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಕಾದ ಕಡೆ ಹೇಳಿಯಾಗಿದೆ. ಸ್ಕೂಲು ಬಿಟ್ಟರೂ ಮನೆಗೆ ಹೋಗದೆ ಕಾಂಪೌಂಡಿನ ಮೂಲೆಯಲ್ಲಿ ಕೂರುತ್ತಿದ್ದುದನ್ನು ಕಂಡ ನಮ್ಮ ಮಿಸ್ಸು ಎಲ್ಲಿಗೋ ಫೋನು ಮಾಡಿದರು. ನನ್ನನ್ನೂ ಅವ್ವನನ್ನೂ ಹುಣಸೂರಿಗೆ, ಮೇಡಂ ಮಾತಾಡಿಸುವ ಕೋಣೆಗೆ ಕರೆದೊಯ್ಯಲು ಮನೆಗೆ ಜೀಪು ಬಂತು.

ಜೀಪು ಬಾಗಿಲಿಗೆ ಬರುವಷ್ಟರಲ್ಲಿ ಅಜ್ಜಿ ನನ್ನ ರಟ್ಟೆ ಹಿಡಿದು ದೇವರ ಗೂಡಿನ ಮುಂದೆ ನಿಲ್ಲಿಸಿದ್ದಳು.

"ನಿಮ್ಮವ್ವನ ತಲೆ ಮ್ಯಾಲೆ ಆಣೆ ಇಕ್ಕು. ಯಾರ್ ಕೇಳುದ್ರೂವೆ ಏನೂ ಆಗಿಲ್ಲ ಅನ್ನು. ಬಾಯ್ ಬುಟ್ಟೆ ಅಂದ್ರೆ ನಿಮ್ಮವ್ವ ರಕ್ತ ಕಾರ್ಕೊಂಡು ಸಾಯ್ತಳೆ, ನೋಡ್ಕೊ."

ಆಣೆ ಇಟ್ಟೆ. ಇಡದೆ ಏನು ಮಾಡಲಿ? ನಮ್ಮ ಕಡೆ ಮಕ್ಕಳನ್ನು ದೊಡ್ಡವರು ಯಾವುದನ್ನೂ ನೆಟ್ಟಗೆ ಕೇಳುವುದಿಲ್ಲ. ಪೆನ್ಸಿಲು ಕಳೆದರೂ ತಲೆ ಮುಟ್ಟಿ ಹೇಳು, ಬೆಲ್ಲ ಖಾಲಿಯಾದರೂ ತಲೆ ಮುಟ್ಟಿ ಹೇಳು. ಆಣೆ ಮುರಿದರೆ ತಲೆ ಕೊಟ್ಟವರು ಉಳಿಯುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೆ.

ಹುಣಸೂರಿನ ಆ ಕೋಣೆಯಲ್ಲಿ ಮೇಡಂ ನನ್ನನ್ನು ಆಣೆ ಕೇಳಲಿಲ್ಲ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಏನೇನಾಯಿತು ಹೇಳು ಅಂದರು. ಸೊಪ್ಪು ಕಡ್ಡಿಗೆ ಕಟ್ಟಿದ್ದು, ಕೈಯ ಅಂಟು ಸೋಪು ಹಾಕಿದರೂ ಹೋಗದ್ದು, ರಾತ್ರಿ ಹುರುಳಿ ಸಾರು, ಎಲ್ಲ ಹೇಳಿದೆ. "ಆಮೇಲೆ?" ಅನ್ನುವುದು ಬಿಟ್ಟರೆ ಅವರು ಬಾಯಿ ಹಾಕಲಿಲ್ಲ.

"ನಾನು ತಪ್ಪು ಹೇಳಿದ್ರೆ ನೀನು ತಿದ್ದಬೇಕು, ಆಯ್ತಾ? ಈಗ ನೀನು ಒಂದನೇ ಕ್ಲಾಸಲ್ವಾ?"

"ಅಲ್ಲ, ನಾಕ್ನೇದು!"

"ಹಂಗೆ! ಹಂಗೇ ತಿದ್ದಬೇಕು."

ದೊಡ್ಡವರು ಹೇಳಿದ್ದು ತಪ್ಪು ಅಂತ ನಾನು ಅಂದಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಹಾಗೆ ಅಂದಿದ್ದರೆ ಕೆನ್ನೆ ಊದಿರುತ್ತಿತ್ತು.

ಆಮೇಲೆ, ಇಲ್ಲಿಗೆ ಯಾಕೆ ಬಂದಿದ್ದೀಯ ಹೇಳು ಅಂದರು. ನಾನು ಅವರ ಬಳೆಗಳನ್ನು ಎಣಿಸುತ್ತಾ ಕೂತೆ. ಅವರು ಕಾದರು. ಗದರಲಿಲ್ಲ, ರಮಿಸಲಿಲ್ಲ, ಸುಮ್ಮನೆ ಕಾದರು.

"ಹೇಳೋಕೆ ಏನಾದ್ರೂ ಅಡ್ಡ ಬರ್ತಿದ್ಯಾ?"

"ಆಣೆ ಆಗೈತೆ."

"ಯಾರ ಮೇಲೆ?"

"ಅವ್ವನ ಮ್ಯಾಲೆ."

ಅದೆಲ್ಲ ಮೂಢನಂಬಿಕೆ ಪುಟ್ಟಾ, ಆಣೆ ಗೀಣೆ ಏನೂ ಇಲ್ಲ ಅಂದುಬಿಡಬಹುದಿತ್ತು. ಹಾಗಂದಿದ್ದರೆ ನಾನು ಸಾಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಅವರೂ ಚುಂಚನಕಟ್ಟೆ ಕಡೆಯ ಹಳ್ಳಿಯ ಮಗಳೇ. ಎದ್ದು ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವನನ್ನು ಕರೆದುಕೊಂಡು ಬಂದರು.

"ನೋಡಿಮ್ಮಾ, ಏನಾಯ್ತು, ಮಗು ಏನು ಹೇಳ್ಬೇಕು, ಅದರ ಬಗ್ಗೆ ಒಂದು ಮಾತೂ ಆಡಂಗಿಲ್ಲ. ಇವಳು ನಿಮ್ಮ ತಲೆ ಮೇಲೆ ಆಣೆ ಇಟ್ಟವಳೆ. ಅದಕ್ಕೆ ನಿಮ್ಮನ್ನ ಕರೆದಿದ್ದು, ಅಷ್ಟೇ."

ಅವ್ವ ನಮ್ಮ ಅಜ್ಜಿಯ ಮುಂದೆ ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಅವತ್ತು ನನ್ನ ಕೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಆಣೆ ಇಕ್ಸಿದೋರು ಯಾರೋ. ತಲೆ ನಂದು. ನಾನೇ ಎತ್ತಾಕಿವ್ನಿ, ಓಯ್ತು ಕಣ್ ಮಗ. ನಾ ಸಾಯಾಕಿಲ್ಲ."

ಅಷ್ಟು ಹೇಳಿ ಹೊರಗೆ ಹೋದಳು. ನಾನು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿದಾಗ ಮೈಯೆಲ್ಲ ಬಿಸಿಯಾಗಿತ್ತು, ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತು. ನಾಚ್ಕೆ ಆಯ್ತದೆ ಅಂದೆ. ನಾಚಿಕೆ ಪಡಬೇಡ ಅಂತ ಅವರು ಅನ್ನಲಿಲ್ಲ.

"ಆಗುತ್ತೆ. ನಾಚಿಕೆ ಆಗ್ತಿದ್ರೂನೂ ಹೇಳ್ದಲ್ಲ," ಅಂದರು.

ಕೇಸು ಕೋರ್ಟಿಗೆ ಹೋಯಿತು. ಚಿಕ್ಕಪ್ಪನ ಕಡೆಯ ವಕೀಲರು ಹಿಡಿದುಕೊಂಡಿದ್ದು ಒಂದೇ ಒಂದು ಎಳೆಯನ್ನು. ಮಾತಿನ ಮಧ್ಯೆ ತಾಯಿಯನ್ನು ಒಳಗೆ ಕರೆಸಿದ್ದು ಹೌದೋ ಅಲ್ಲವೋ? ಅಲ್ಲಿಯವರೆಗೆ ಬಾಯಿ ಬಿಡದ ಮಗು ತಾಯಿ ಬಂದುಹೋದ ಮೇಲೆ ಮಾತಾಡಿದ್ದು ಹೌದೋ ಅಲ್ಲವೋ? ಮೇಡಂ ಎರಡಕ್ಕೂ ಹೌದು ಅಂದರಂತೆ. ಹೊರಗೆ ಮೊದಲೇ ತಾಯಿ ಹೇಳಿಕೊಟ್ಟಿದ್ದು ಕ್ಯಾಮೆರಾದಲ್ಲಿ ಬರುತ್ತದೆಯೇ, ಒಳಗೆ ಬಂದು ತಲೆ ಮುಟ್ಟಿಸಿಕೊಂಡಿದ್ದೇ ಮಾತಾಡು ಅನ್ನುವ ಸನ್ನೆ ಅಂತ ವಾದ ಬೆಳೆಯಿತು. ಬೇರೆ ಸಾಕ್ಷಿ ಇರಲಿಲ್ಲ, ಕೇಸು ಬಿದ್ದುಹೋಯಿತು. ಅಜ್ಜಿ ಬೀದಿಗೆಲ್ಲ ಒಬ್ಬಟ್ಟು ಹಂಚಿದಳು. ನನ್ನನ್ನು ಸುಳ್ಳಿ ಅಂತ ತೀರ್ಮಾನ ಮಾಡಿದ ಊರು ಆ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದಿತು. ಅದಕ್ಕೂ ಮೊದಲೇ ಅವ್ವ ನನ್ನನ್ನು ಕಟ್ಟಿಕೊಂಡು ಪಿರಿಯಾಪಟ್ಟಣದ ಕಡೆಯ ತವರಿಗೆ ಬಂದಿದ್ದಳು. ಅಪ್ಪ ಬರಲಿಲ್ಲ. ನನ್ನಿಂದ ಆ ಮನೆಯ ಮರ್ಯಾದೆ ಹೋಯಿತಂತೆ! ನಿಜ ಹೇಳುತ್ತೇನೆ, ಬಹಳ ಕಾಲ ನಾನೂ ಹಾಗೇ ಅಂದುಕೊಂಡಿದ್ದೆ. ಕನ್ನಡಿ ಮುಂದೆ ತಲೆ ಬಾಚುವಾಗಲೂ ಕಣ್ಣು ತಗ್ಗಿಸುತ್ತಿದ್ದೆ.

ಮೇಡಂ ತವರುಮನೆಗೆ ಬಂದರು. ಮಾವ ಕುರ್ಚಿ ಹಾಕಿದರೂ ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತರು. ನನ್ನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ.

"ತಪ್ಪು ನಂದಮ್ಮ. ಅವತ್ತು ಮಾತು ನಿಲ್ಲಿಸಿ ಇನ್ನೊಂದು ದಿನ ಕೂರ್ಬೇಕಿತ್ತು. ಆ ಆಣೆ ತೆಗಿಸ್ಬೇಕು ಅನ್ನೋದೇ ತಲೇಲಿತ್ತು, ಕೋರ್ಟು ತಲೇಲಿರ್ಲಿಲ್ಲ. ನೀನು ಹೇಳಿದ್ರಲ್ಲಿ ಒಂದಕ್ಷರ ತಪ್ಪಿರ್ಲಿಲ್ಲ."

ಕೈಗಳನ್ನು ಮಡಿಲಲ್ಲಿ ಹಿಸುಕುತ್ತಿದ್ದರು. ಇಡೀ ನಮ್ಮ ವಂಶದಲ್ಲಿ ತಪ್ಪು ನಂದು ಅಂತ ನನಗೆ ಹೇಳಿದವರು ಒಬ್ಬರೂ ಇಲ್ಲ. ಹೇಳಬೇಕಾದವನು ಮೀಸೆ ತಿರುವಿಕೊಂಡು ಹನಗೋಡಿನ ಸಂತೆಯಲ್ಲಿ ಓಡಾಡುತ್ತಿದ್ದ. ನನಗೆ ಕೆಟ್ಟದ್ದೇನೂ ಮಾಡದ ಈ ಹೆಂಗಸು ಬಸ್ಸು ಹಿಡಿದು ಬಂದು ತಲೆ ತಗ್ಗಿಸಿದ್ದರು.

ಅವ್ವ ಕಾಫಿ ಲೋಟ ಅವರ ಕೈಗೆ ತುರುಕಿ ರೇಗಿದಳು. "ಬುಡಿ ಮೇಡಂ, ನೀವು ಕರೀದೆ ಓಗಿದ್ರೆ ಇವ್ಳು ಇವತ್ಗೂ ಬಾಯ್ ಬುಡ್ತಿರ್ನಿಲ್ಲ. ನಾನೂ ಅದೇ ಮನೇಲಿ ಬಿದ್ದಿರ್ತಿದ್ದೆ. ಮದ್ಲು ಕಾಪಿ ಕುಡೀರಿ."

ಕುಡಿದರು. ಕಣ್ಣೀರೂ ಕಾಫಿಯೂ ಒಟ್ಟಿಗೆ ಹೋದವು.

ಅವರದೊಂದು ಪದ್ಧತಿಯಿತ್ತು. ಮಾತಾಡಿಸಿದ ಮಕ್ಕಳು ಆಮೇಲೆ ದಾರಿಯಲ್ಲಿ ಸಿಕ್ಕರೆ ಅವರಾಗಿ ಗುರುತು ಹಿಡಿಯುತ್ತಿರಲಿಲ್ಲ. ಜೊತೆಯಲ್ಲಿರುವವರು ಇವರು ಯಾರು ಅಂತ ಕೇಳಿದರೆ ಮಗು ಏನು ಹೇಳಬೇಕು? ನಾನು ಕಾಲೇಜಿಗೆ ಹೋಗುವಾಗ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಬಂದರು. ನನ್ನ ಜೊತೆ ಗೆಳತಿಯರಿದ್ದರು. ಕೋಟೆ ಬಸ್ಸಿನ ಬೋರ್ಡು ಓದುವವರಂತೆ ಮುಖ ಆ ಕಡೆ ಮಾಡಿ ದಾಟಿ ಹೋದರು. ನಾನೂ ಕರೆಯಲಿಲ್ಲ. "ಯಾರೇ ಅದು, ಕೈಯೆಲ್ಲ ಬೆಳ್ಳಗೆ?" ಅಂದಳು ಒಬ್ಬಳು. ಯಾರೋ, ಅಂದೆ. ಹಾಗಂದುಬಿಟ್ಟೆನಲ್ಲ ಅನ್ನುವ ನಾಚಿಕೆ, ಥೂ, ಈಗಲೂ ಹೋಗಿಲ್ಲ.

ಈಗ ನಾನು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತೇನೆ. ಏನೂ ನೋಯಲ್ಲ ಅಂತ ತಾಯಂದಿರು ಮಕ್ಕಳನ್ನು ನಂಬಿಸುತ್ತಿರುತ್ತಾರೆ. ನಾನು ನೋಯುತ್ತೆ ಅಂತ ಹೇಳಿಯೇ ಸೂಜಿ ಹಾಕುವುದು. ತಾಯಂದಿರಿಗೆ ಸಿಟ್ಟು ಬರುತ್ತದೆ. ಮಕ್ಕಳು ಕೈ ಮುಂದೆ ಚಾಚುತ್ತವೆ.

ಮೇಡಂ ಹೋಗಿಬಿಟ್ಟರು ಅಂತ ನಮ್ಮ ಹಳೇ ಮಿಸ್ಸು ಫೋನು ಮಾಡಿದರು. ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಲ್ಲ. ಕೆ.ಆರ್. ನಗರದ ಅವರ ಮನೆಗೆ ಹೋದೆ. ಕಾರ್ಯಗಳೆಲ್ಲ ಮುಗಿದಿದ್ದವು. ನಡುಮನೆಯಲ್ಲಿ ಚಾಪೆ ಹಾಸಿತ್ತು. ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು ನಾಲ್ಕಾರು ಜನ ಒಬ್ಬರಿಗೊಬ್ಬರು ಪರಿಚಯವಿಲ್ಲದೆ ಗೋಡೆ ನೋಡಿಕೊಂಡು ಕೂತಿದ್ದರು. ಮೇಡಂ ಯಜಮಾನರು ವಯಸ್ಸಾದವರು, ಬಂದವರನ್ನೆಲ್ಲ ಮೆಲ್ಲಗೆ ವಿಚಾರಿಸುತ್ತಿದ್ದರು.

"ನೀನು ಯಾರಮ್ಮ? ನಮ್ಮನೆಯವಳು ಹೇಗೆ ಪರಿಚಯ?"

ನನಗಿಂತ ಮೊದಲು ಬಂದ ಹುಡುಗಿ ನೆಲ ನೋಡುತ್ತಾ, "ಟ್ಯೂಷನ್‌ಗೆ ಬರ್ತಿದ್ದೆ ಸಾರ್" ಅಂದಳು.

"ಹೌದಮ್ಮ. ತುಂಬ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟಳು," ಅಂದರು ಅವರು. ಮೇಡಂ ಒಂದು ದಿನವೂ ಟ್ಯೂಷನ್ ಹೇಳಿಕೊಟ್ಟವರಲ್ಲ. ಅದು ಅವರಿಗೂ ಗೊತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲೂ ಟ್ಯೂಷನ್ ಅನ್ನುವ ಮಾತು ತಯಾರಾಗಿತ್ತು. ಕಿವಿ ಕಾದು, ಕುತ್ತಿಗೆ ಬೆವೆತು, ಒಂಬತ್ತು ವರ್ಷದವಳಿಗೆ ಹೇಗೆ ಆಗಿತ್ತೋ ಹಾಗೇ ಆಗುತ್ತಿತ್ತು.

"ಚಿಕ್ಕ ಹುಡುಗಿ ಇದ್ದಾಗ ನಮ್ಮ ಚಿಕ್ಕಪ್ಪನ ಮೇಲೆ ಕೇಸಾಗಿತ್ತು ಸಾರ್. ನನ್ನ ಮಾತು ಕೇಳಿಸ್ಕೊಂಡೋರು ಮೇಡಮ್ಮು. ಕೇಸು ಬಿದ್ದೋಯ್ತು. ನಾನು ಹೇಳಿದ್ದು ಮಾತ್ರ ನಿಜ ಸಾರ್."

ಯಜಮಾನರು ಎರಡೂ ಕೈ ಜೋಡಿಸಿದರು.

ಟ್ಯೂಷನ್ ಅಂದಿದ್ದ ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿದಳು.