ಎರಡು ಪಾಯಿಂಟ್ ಎಂಟು

ನಮ್ಮೂರ ಡೈರಿಗೆ ಹಾಲು ಟೆಸ್ಟ್ ಮಾಡೋ ಎಲೆಕ್ಟ್ರಾನಿಕ್ ಮಿಷನ್ನು ಬಂದಾಗ ಅದರ ಗುಂಡಿ ಒತ್ತೋ ಕೆಲಸಕ್ಕೆ ಆರಿಸಿದ್ದು ನನ್ನನ್ನ. ಕಾರಣ ದೊಡ್ಡದೇನಲ್ಲ. ಎಸ್ಸೆಲ್ಸಿ ಪಾಸಾಗಿ, ಬೆಳಿಗ್ಗೆ ಆರಕ್ಕೆಲ್ಲ ಮನೆ ಬಿಟ್ಟು ಬರೋಕೆ ಅತ್ತೆಯ ಒಪ್ಪಿಗೆ ಇದ್ದ ಸೊಸೆ ಊರಲ್ಲಿ ನಾನೊಬ್ಬಳೇ. ಸೂಲಿಬೆಲೆಯಿಂದ ಎರಡು ಮೈಲಿ ಒಳಗಿದ್ದ ಊರು ಅದು, ತೊಂಬತ್ತರ ಆಸುಪಾಸು. ನನ್ನ ತವರು ದೊಡ್ಡಬಳ್ಳಾಪುರ. ಮಗ್ಗದ ಸದ್ದಲ್ಲೇ ಹುಟ್ಟಿ ಬೆಳೆದವಳು. ಸೀರೆ ಅಂಚಲ್ಲಿ ಒಂದೆಳೆ ತಪ್ಪಿದ್ರೂ ಹೇಳಿಬಿಡ್ತಿದ್ದೆ, ಆದ್ರೆ ಹಸು ಹತ್ತಿರ ಹೋಗೋಕೆ ಭಯ. ಒಂದು ದಿನಕ್ಕೂ ಕೆಚ್ಚಲು ಮುಟ್ಟಿದವಳಲ್ಲ. ಅಂಥವಳು ಊರಿನ ಹಾಲಿಗೆಲ್ಲ ತೀರ್ಪು ಹೇಳೋಕೆ ಕೂತೆ. ಈಗ ನೆನೆಸ್ಕೊಂಡ್ರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತೆ.

ಮಿಷನ್ನು ಅಂದ್ರೆ ಒಂದು ಬಿಳೀ ಡಬ್ಬ, ಮುಂದೆ ಕಪ್ಪು ಗಾಜು. ಸಣ್ಣ ಬಾಟ್ಲಿಯಲ್ಲಿ ಹಾಲು ಹಿಡಿದು, ಔಷಧಿ ನೀರು ಬೆರೆಸಿ, ಕೊಳವೆ ಕೆಳಗಿಟ್ಟು ಗುಂಡಿ ಒತ್ತಿದ್ರೆ ಗಾಜಿನೊಳಗೆ ಕೆಂಪು ಅಂಕಿಗಳು ಎದ್ದು, ಒಂದಿಷ್ಟು ಹೊತ್ತು ಹಿಂದೆ ಮುಂದೆ ಆಡಿ, ಒಂದು ಕಡೆ ನಿಲ್ಲೋವು. ಅದು ಹಾಲಿನ ಕೊಬ್ಬು. ನಾವೆಲ್ಲ ಫ್ಯಾಟು ಅಂತಿದ್ವಿ. ಮೂರೂವರೆ ಬಂದ್ರೆ ಒಳ್ಳೆ ಹಾಲು, ಮೂರಕ್ಕಿಂತ ಕೆಳಗೆ ಹೋದ್ರೆ ಹಾಲು ವಾಪಸ್. ವಾಪಸ್ ಅಂದ್ರೆ ನೀರು ಹಾಕಿದ್ದಾರೆ ಅಂತ ಊರು ತಿಳ್ಕೊಂಡಿತು. ಹಾಗಂತ ಯಾರೂ ಬರೆದುಕೊಟ್ಟಿರಲಿಲ್ಲ. ನಾನೂ ಹಾಗೇ ತಿಳ್ಕೊಂಡೆ. ಅದಕ್ಕೆ ಮುಂಚೆ ಒಂದು ಗಾಜಿನ ಕಡ್ಡಿ ಇತ್ತು, ಹಾಲಲ್ಲಿ ಬಿಟ್ರೆ ತೇಲ್ತಿತ್ತು, ನೀರು ಬೆರೆಸಿದ ಹಾಲಾದ್ರೆ ಕೆಳಗಿಳೀತಿತ್ತು. ಹೊಸದು ಬಂದ ಮೇಲೆ ಹಳೇದ್ಯಾಕೆ ಅಂತ ಡೈರಿ ಸೆಕ್ರೆಟರಿ ಅದನ್ನ ಬೀರುವಿನೊಳಗಿಟ್ಟು ಬೀಗ ಹಾಕಿದ್ರು.

ಮೊದಲ ವಾರ ಜನ ಅದನ್ನ ನೋಡೋಕೇ ಬರ್ತಿದ್ರು. ಒಬ್ಬ ಯಜಮಾನರು ದಿನಾ ಚಪ್ಪಲಿ ಬಿಟ್ಟು ಒಳಗೆ ಬರೋರು. ಒಬ್ಬಾಕೆ ತನ್ನ ಹಾಲಿನ ಸರದಿ ಬಂದಾಗ ನೋಡೋಕಾಗದೆ ಗೋಡೆ ಕಡೆ ತಿರುಗಿ ನಿಂತ್ಕೊಳ್ಳೋಳು. ಇನ್ನೊಬ್ಬಳಿಗೆ ಎರಡು ದಿನ ಕಡಿಮೆ ಬಂತು, ಮೂರನೇ ದಿನಕ್ಕೆ "ಅದಕ್ಕೆ ನನ್ ಕಂಡ್ರಾಗಲ್ಲ ಕಣವ್ವ" ಅಂತ ಮಿಷನ್ ಜೊತೆ ಮಾತೇ ಬಿಟ್ಲು. ಅದುವರೆಗೂ ಅಂಕಿಗಳು ಓಡ್ತಿರೋವಾಗ "ನಿಲ್ಲಪ್ಪ, ಅಲ್ಲೇ ನಿಲ್ಲು" ಅಂತ ಕೈ ತೋರಿಸ್ತಿದ್ಲು. ಅಂಕಿ ಕಡಿಮೆ ಬಂದೋರು ನನ್ನ ಕಡೆ ನೋಡಿ "ಇನ್ನೊಂದ್ಸಲ ಒತ್ತವ್ವ" ಅನ್ನೋರು. ನಾನು ಒತ್ತುತ್ತಿರಲಿಲ್ಲ. ಸೆಕ್ರೆಟರಿ ಹೇಳಿದ್ರು ಅಂತಲ್ಲ, ನನಗೆ ಅದ್ರಲ್ಲೊಂದು ಜಂಬ ಇತ್ತು. ಮೂವತ್ತು ಜನ ನನ್ನ ಬೆರಳನ್ನೇ ನೋಡ್ತಾ ನಿಲ್ಲೋದು ಇಪ್ಪತ್ತೊಂದು ವರ್ಷದ ಹುಡುಗಿಗೆ ಸಣ್ಣ ಮಾತಲ್ಲ.

ನಮ್ಮತ್ತೆಗೆ ಒಂದೇ ಒಂದು ಸೀಮೆಹಸು. ಮಾವ ತೀರಿಕೊಂಡ ಮೇಲೆ ಆ ಕೊಟ್ಟಿಗೆ ಕೆಲಸವನ್ನ ಅವರು ಯಾರಿಗೂ ಬಿಟ್ಟಿರಲಿಲ್ಲ. ಓದು ಬರಹ ಇಲ್ಲ, ಹೇಳ್ಕೊಳ್ಳೋ ಆಸ್ತಿ ಇಲ್ಲ. ಆದ್ರೆ ಊರಲ್ಲಿ ಯಾರ ಮನೆಯಲ್ಲಿ ಬಾಣಂತಿಗೆ ಹಾಲು ಸಾಲದೆ ಕೂಸು ಅಳ್ತಿದ್ರೂ ನಮ್ಮನೆಗೇ ಚೊಂಬು ಬರೋದು. "ಆಯಮ್ಮನ ಹಾಲು ಅಂದ್ರೆ ಹಾಲು" ಅನ್ನೋರು. ಅತ್ತೆ ಬದುಕಿದ್ದೇ ಆ ಒಂದು ಮಾತಿನ ಮೇಲೆ. ಚೊಂಬು ತಂದೋರ ಹತ್ತಿರ ಕಾಸು ಮುಟ್ಟುತ್ತಿರಲಿಲ್ಲ, ಕೂಸು ಗಂಡೋ ಹೆಣ್ಣೋ ಕೇಳಿ, ಚೊಂಬಿಗೆ ತಟ್ಟೆ ಮುಚ್ಚಿ ಕಳಿಸೋರು.

ಆ ಸಲ ಹಸು ಕರು ಹಾಕಿ ಒಂದು ತಿಂಗಳಾಗಿತ್ತು. ಹೋರಿಗರು. ಗಿಣ್ಣು ಹಾಲಿನ ದಿನಗಳೆಲ್ಲ ಕಳೆದು ಅತ್ತೆ ಡೈರಿಗೆ ಹಾಲು ತಂದ ಮೊದಲ ಬೆಳಿಗ್ಗೆ. ಸಾಲಲ್ಲಿ ಸೆರಗು ಹೊದ್ದು ನಿಂತಿದ್ರು. ನನ್ನ ನೋಡಿ ಸಣ್ಣಗೆ ನಕ್ಕರು. ಸೊಸೆ ಮೇಜಿನ ಹಿಂದೆ ಕೂತಿದ್ದು ಅವರಿಗೆ ಹೆಮ್ಮೆ. ನಾನು ಗುಂಡಿ ಒತ್ತಿದೆ. ಅಂಕಿಗಳು ಎದ್ದವು, ಆಡಿದವು, ಎರಡು ಪಾಯಿಂಟ್ ಎಂಟಕ್ಕೆ ನಿಂತವು.

ಗಟ್ಟಿಯಾಗಿ ಓದಬೇಕು ಅನ್ನೋದು ನಿಯಮ, ಯಾರಿಗೂ ಅನುಮಾನ ಇರಬಾರದು ಅಂತ. ನಾನು ಓದಿದೆ. ಸಾಲಿನ ಹಿಂದಿನಿಂದ ಒಬ್ಬ, "ಇದೇನಕ್ಕ, ದಾರೀಲಿ ಬಾವಿಗೆ ಬಗ್ಗಿ ಬಂದ್ಯೇನು?" ಅಂದ. ಜನ ನಕ್ಕರು. ಅತ್ತೆ ನನ್ನ ಮುಖ ನೋಡಿದ್ರು. ಇನ್ನೊಂದ್ಸಲ ಒತ್ತು ಅಂತ ಬಾಯಿ ಬಿಟ್ಟು ಕೇಳಲಿಲ್ಲ. ಸೆಕ್ರೆಟರಿ ಹಾಲಿನ ಕ್ಯಾನನ್ನ ಅವರ ಕಡೆ ತಳ್ಳಿದ್ರು. ತುಂಬಿದ ಕ್ಯಾನು ಹಿಡ್ಕೊಂಡು ಬೆಳಕು ಹರಿದಿದ್ದ ಬೀದಿಯಲ್ಲಿ ಅತ್ತೆ ಮನೆಗೆ ನಡೆದ್ರು. ಕಸ ಗುಡಿಸ್ತಿದ್ದೋರೆಲ್ಲ ನೋಡಿದ್ರು.

ಮನೆಗೆ ಬಂದವಳು ನಾನೇನು ಮಾಡಿದೆ ಗೊತ್ತಾ? "ಅತ್ತೆ, ಕ್ಯಾನು ತೊಳೆದ ನೀರೇನಾದ್ರೂ ಉಳ್ಕೊಂಡಿತ್ತಾ?" ಅಂತ ಕೇಳಿದೆ. ಅವರು ಒಲೆ ಊದ್ತಿದ್ದೋರು ತಿರುಗಿ ಕೂಡ ನೋಡಲಿಲ್ಲ. "ಇರ್ಬೋದವ್ವ," ಅಂದ್ರು. ಆ ಒಂದು ಪ್ರಶ್ನೆಗೆ ನನ್ನ ನಾಲಿಗೆ ಸೀದು ಹೋಗಬೇಕಿತ್ತು. ಬೀರುವಿನಲ್ಲಿದ್ದ ಆ ಗಾಜಿನ ಕಡ್ಡಿ ಈಚೆ ತೆಗೆಸಿ ಹಾಲಿಗೆ ಬಿಟ್ಟು ನೋಡಿದ್ರೆ ಅರ್ಧ ನಿಮಿಷದಲ್ಲಿ ಸತ್ಯ ತಿಳೀತಿತ್ತು. ನನಗೆ ಹೊಳೀಲೇ ಇಲ್ಲ. ಹೊಳೆದಿದ್ರೂ ಕೇಳ್ತಿದ್ದೆನೋ ಇಲ್ವೋ. ಮಿಷನ್ನು ಸುಳ್ಳು ಹೇಳುತ್ತೆ ಅಂದ್ರೆ ನಾನೂ ಸುಳ್ಳು ಅಂದಂಗೆ ಅನ್ನಿಸ್ತಿತ್ತು ಆಗ.

ಮರುದಿನ ಎರಡು ಪಾಯಿಂಟ್ ಏಳು. ಅದರ ಮಾರನೇ ದಿನ ಮತ್ತೆ ಎಂಟು. ನನ್ನ ಗಂಡ ಹೊಸಕೋಟೆ ಕಡೆ ಫ್ಯಾಕ್ಟರಿಗೆ ಹೋಗೋರು, "ನಿಮ್ಮಿಬ್ಬರ ಪಂಚಾಯ್ತಿ ನನಗ್ಯಾಕೆ" ಅಂತ ಊಟ ಮಾಡಿ ಮಲಗೋರು. ಆ ವಾರ ನಮ್ಮ ಪಕ್ಕದ ಬೀದಿಯಲ್ಲಿ ಒಂದು ಹೆಣ್ಣುಕೂಸು ಹುಟ್ಟಿತ್ತು. ಬಾಣಂತಿಯ ಅಮ್ಮ ಚೊಂಬು ಹಿಡ್ಕೊಂಡು ನಮ್ಮ ಬಾಗಿಲ ಮುಂದೇನೇ ಹಾದು ಮೂಲೆಮನೆಗೆ ಹೋದ್ಲು. ಅತ್ತೆ ಜಗಲಿ ಮೇಲೆ ಕೂತು ರಾಗಿ ಆರಿಸ್ತಿದ್ರು. ಮೊರ ಕೆಳಗಿಟ್ಟು, ಎದ್ದು ಒಳಗೆ ಹೋದ್ರು.

ಆವತ್ತು ಅತ್ತೆ ತಮ್ಮಷ್ಟಕ್ಕೇ ಒಂದು ಲೆಕ್ಕ ಹಾಕಿದ್ರು. ಅವರು ಹಾಲು ಕರೆಯೋ ರೀತಿ ಮೊದಲಿಂದ ಒಂದೇ. ಮೊದಲು ಕರು ಬಿಟ್ಟು, ಹಸು ಹಾಲು ಇಳಿಸಿದ ಮೇಲೆ ಕರು ಎಳೆದು ಕಟ್ಟಿ, ಕರೆದು, ಕೊನೇದೊಂದು ಪಾಲನ್ನ ಕೆಚ್ಚಲಲ್ಲೇ ಉಳಿಸಿ ಮತ್ತೆ ಕರು ಬಿಡೋದು. ಕೊನೇದು ಕರೂದು. ಅವರಮ್ಮ ಹಾಗೆ ಮಾಡ್ತಿದ್ರಂತೆ, ಅವರ ಅಜ್ಜಿಯೂ. ಅದಕ್ಕೇ ನಮ್ಮ ಕ್ಯಾನಲ್ಲಿ ಹಾಲು ಬೇರೆಯವರಿಗಿಂತ ಒಂದು ಲೀಟರು ಕಡಿಮೆ. ಅಂಥ ಹಸು ಇಟ್ಕೊಂಡು ಇಷ್ಟು ಕಮ್ಮಿ ತಂದ್ರೆ ಜನ ಏನಂದ್ಕೋತಾರೆ, ಒಳ್ಳೇದನ್ನ ಮನೆಗಿಟ್ಟು ಮಿಕ್ಕಿದ್ದಕ್ಕೆ ನೀರು ಹಾಕಿ ತರ್ತಾಳೆ ಅಂತಾರೆ, ಆ ಮಿಷನ್ನೂ ಅದನ್ನೇ ಹೇಳ್ತಿದೆ, ಹೀಗಿತ್ತು ಅವರ ಯೋಚನೆ. ಒಂದು ತೊಟ್ಟೂ ಉಳಿಸದಂಗೆ ಕರೆದು ಕ್ಯಾನು ತುಂಬಿಸಿದ್ರೆ ಯಾರ ಬಾಯೂ ಏಳಲ್ಲ ಅಂತ, ಕರುವನ್ನ ಕೊಟ್ಟಿಗೆಯ ಆಚೆ ಮೂಲೆಗೆ ಕಟ್ಟಿದ್ರು. ಅದಕ್ಕೆ ರಾಗಿ ಗಂಜಿ ಕುಡಿಸ್ತಿದ್ರು.

ಮಾರನೇ ಬೆಳಿಗ್ಗೆ ಮಿಷನ್ನು ನಾಲ್ಕು ತೋರಿಸಿತು.

ನಾನು ಓದಿದೆ, ಖುಷಿಯಿಂದಲೇ ಓದಿದೆ. ಸಾಲಲ್ಲಿದ್ದೋರು ಒಬ್ಬರನ್ನೊಬ್ಬರು ನೋಡ್ಕೊಂಡ್ರು. ಆ ನೋಟದ ಅರ್ಥ ನನಗೆ ಮನೆ ಮುಟ್ಟೋ ಹೊತ್ತಿಗೆ ಆಯ್ತು. ನೀರು ಹಾಕೋದು ನಿಲ್ಲಿಸಿದ್ಲು, ಅಂಕಿ ಏರಿತು ಅಂತ. ಎರಡು ಪಾಯಿಂಟ್ ಎಂಟಕ್ಕೆ ಅನುಮಾನ ಪಟ್ಟಿದ್ದೋರಿಗೆ ಈ ನಾಲ್ಕು ಸಾಕ್ಷಿ ಕೊಟ್ಟಂಗಾಯ್ತು. ಅತ್ತೆ ಅಂದಿನಿಂದ ಡೈರಿಗೆ ಬರೋದು ಬಿಟ್ರು. ಕ್ಯಾನು ನಾನೇ ಒಯ್ತಿದ್ದೆ.

ಗಂಜಿ ಕರುಗೆ ಹಿಡೀಲಿಲ್ಲ. ಮೊದಲು ಭೇದಿ ಹತ್ತಿತು, ಆಮೇಲೆ ಎದ್ದು ನಿಲ್ಲೋದು ಬಿಟ್ಟಿತು. ಅತ್ತೆ ಅದರ ಪಕ್ಕ ಗೋಣಿಚೀಲ ಹಾಸ್ಕೊಂಡು ಕೂತಿರೋರು, ಬಾಯಿಗೆ ಬೆರಳಿಟ್ರೆ ಚೀಪ್ತಿತ್ತು. ಹದಿನೆಂಟನೇ ದಿನ ಮಧ್ಯಾಹ್ನ ಸತ್ತುಹೋಯ್ತು. ದನದ ಡಾಕ್ಟ್ರು ಸೈಕಲ್ ನಿಲ್ಲಿಸಿ ಒಳಗೆ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರು ಕೈ ತೊಳೆಯೋವಾಗ ನೀರು ಹಾಕ್ತಾ ನಾನು ನಡೆದದ್ದನ್ನೆಲ್ಲ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಕೈ ಒರೆಸ್ಕೊಳ್ಳೋದು ನಿಲ್ಲಿಸಿದ್ರು.

"ನೀರ್ಯಾರಮ್ಮ ಹಾಕಿದ್ರು? ಹಸು ಮೊದಲು ಬಿಡೋದು ತೆಳ್ಳಗಿರೋದು. ಫ್ಯಾಟೆಲ್ಲ ಇರೋದು ಕೊನೇ ಹಾಲಲ್ಲಿ. ಅದನ್ನ ಕರುಗೆ ಬಿಟ್ಟು ಮಿಕ್ಕಿದ್ದು ತಂದ್ರೆ ಮಿಷನ್ನು ಕಮ್ಮೀನೇ ತೋರಿಸೋದು. ನೀನು ಟೆಸ್ಟ್ ಮಾಡೋಳು, ಇಷ್ಟು ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಬೆಂಗಳೂರಲ್ಲಿ ಒಂದು ವಾರ ಟ್ರೈನಿಂಗ್ ಕೊಟ್ಟಾಗ ಗುಂಡಿಗಳ ವಿಷಯ ಹೇಳಿದ್ರು, ಹಸು ವಿಷಯ ಯಾರೂ ಹೇಳಿರಲಿಲ್ಲ. ಅತ್ತೆಗೆ ಹೋಗಿ ಹೇಳಿದೆ. ಅವರು, "ಹಂಗಾದ್ರೆ ಒಳ್ಳೇದನ್ನೇ ಅದಕ್ಕೆ ಬಿಡ್ತಿದ್ದೆ," ಅಂದ್ರು. ಕರು ಕಟ್ಟಿದ್ದ ಹಗ್ಗ ಸುತ್ತಿಡ್ತಾ, "ನಾಳೆ ಡೈರೀಲಿ ಹೇಳ್ತೀಯಾ? ಎಲ್ರೂ ಇರೋವಾಗ?" ಅಂತ ಕೇಳಿದ್ರು. ನನ್ನ ಕಾಲಿಗೆ ಬೀಳೋ ಥರ ಕೇಳಿದ್ರು ಆ ದೊಡ್ಡ ಹೆಂಗಸು. ಹೇಳ್ತೀನಿ ಅತ್ತೆ ಅಂದೆ.

ಬೆಳಿಗ್ಗೆ ಸಾಲು ಸೇರೋಕೆ ಮುಂಚೆ ಸೆಕ್ರೆಟರಿಗೆ ತಿಳಿಸಿದೆ. ಅವರು ತಲೆ ಅಲ್ಲಾಡಿಸಿದ್ರು. "ಸುಮ್ನಿರಮ್ಮ. ಇವತ್ತು ನೀನು ಇದನ್ನ ಹೇಳು, ನಾಳೆಯಿಂದ ನೀರು ಹಾಕೋರೆಲ್ಲ ಕರು ಹೆಸರು ಹೇಳ್ತಾರೆ. ಮಿಷನ್ ಮೇಲೆ ನಂಬಿಕೆ ಹೋದ್ರೆ ನೀನೂ ಬೇಡ, ನಾನೂ ಬೇಡ." ಆ ಕೆಲಸ ನನಗೆ ಬೇಕಿತ್ತು. ಮೇಜಿನ ಹಿಂದೆ ಕೂರೋದು ಬೇಕಿತ್ತು. ಸಾಲು ಬಂತು, ಸಾಲು ಮುಗೀತು, ನಾನು ಬಾಯಿ ಬಿಡಲಿಲ್ಲ. ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತಿದ್ರು. "ಹೇಳ್ದಾ?" ಅಂದ್ರು. "ಹೇಳ್ದೆ ಅತ್ತೆ, ಎಲ್ರೂ ಪಾಪ ಅಂದ್ರು," ಅಂದೆ.

ಮಾರನೇ ದಿನ ಬೆಳಿಗ್ಗೆ ನಾನು ಕ್ಯಾನು ಎತ್ತಿಕೊಳ್ಳೋಕೆ ಹೋದ್ರೆ ಅತ್ತೆ ಬಿಡಲಿಲ್ಲ. ನಾನೇ ತರ್ತೀನಿ, ನೀನು ಮುಂದೆ ಹೋಗು ಅಂದ್ರು. ತಲೆ ಬಾಚಿ, ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟಿದ್ರು. ನಾನು ಹೇಳಿದ್ದು ಸುಳ್ಳು ಅನ್ನೋಕೆ ಅಲ್ಲೂ ಒಂದು ಅವಕಾಶ ಇತ್ತು. ಹೋದೆ, ಮಿಷನ್ ಹಿಂದೆ ಕೂತೆ.

ಅತ್ತೆ ಸಾಲಲ್ಲಿ ನಿಂತು ಅಕ್ಕಪಕ್ಕದೋರ ಮುಖವನ್ನೆಲ್ಲ ಒಂದೊಂದಾಗಿ ನೋಡಿದ್ರು. ಯಾರಾದ್ರೂ ಏನಾದ್ರೂ ಅಂತಾರೆ ಅಂತ ಕಾದ್ರು. ಯಾರಿಗೆ ಏನು ಗೊತ್ತಿತ್ತು, ಅನ್ನೋಕೆ? ಎಲ್ಲರ ಕಣ್ಣು ಕಪ್ಪು ಗಾಜಿನ ಮೇಲೆ. ಅವರ ಸರದಿ ಬಂತು. ನಾಲ್ಕು ಪಾಯಿಂಟ್ ಒಂದು. ನಾನು ಓದಿದೆ. ಪಕ್ಕದಲ್ಲಿದ್ದ ಹೆಂಗಸು, ಕೆಟ್ಟವಳಲ್ಲ, ಪ್ರೀತಿಯಿಂದಲೇ ಅತ್ತೆಯ ತೋಳು ಮುಟ್ಟಿ, "ನೋಡಿದ್ರಾ ಅಕ್ಕ, ಈಗ ಸರಿಯಾಯ್ತು. ಮಿಷನ್ನು ಬಂದ್ಮೇಲೆ ಎಲ್ರೂ ಸರಿಯಾದ್ರು," ಅಂದ್ಲು.

ಅತ್ತೆ ನನ್ನ ಕಡೆ ನೋಡಿದ್ರು. ನಾನು ಪುಸ್ತಕದಲ್ಲಿ ನಾಲ್ಕು ಪಾಯಿಂಟ್ ಒಂದು ಅಂತ ಬರೆದು, ತಲೆ ಎತ್ತದೆ, ಮುಂದಿನವರು ಬನ್ನಿ ಅಂದೆ.