ದೀಪ ಆರಿದ ಮೇಲಿನ ಮಾತು

ನನ್ನ ನಾದಿನಿ ಕರಿಯವ್ವನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ನಾನು ಬೆಟಗೇರಿಯ ಆ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ, ಎಲ್ಲರೂ ಅವಳನ್ನು ‘ಏ ಮೂಗೀ’ ಎಂದು ಕೂಗುತ್ತಿದ್ದರು. ಕಿವಿ ಕೇಳದವಳನ್ನು ಕೂಗಿ ಕರೆಯುವ ಜಾಣರಿಗೆ ಏನನ್ನೋಣ! ಅತ್ತೆ ನೀಲಗಂಗವ್ವನ ಬೈಗುಳ ತಿಂದು ನಾನು ಹಿತ್ತಲಲ್ಲಿ ಅಳುತ್ತ ಕೂತರೆ, ಬಂದು ಪಕ್ಕದಲ್ಲಿ ಕೂರುತ್ತಿದ್ದವಳು ಅವಳೊಬ್ಬಳೇ.

ಇಬ್ಬರೂ ಸೇರಿ ಕೈಯಲ್ಲೇ ಒಂದು ಭಾಷೆ ಕಟ್ಟಿದೆವು. ಮಗ್ಗದ ಲಾಳಿ ಎಸೆದಂತೆ ಕೈ ಬೀಸಿದರೆ ‘ಹೋಗು’. ಮೂಗಿನ ಮೇಲೆ ದೊಡ್ಡ ನತ್ತು ತೋರಿಸಿದರೆ ‘ಅತ್ತೆ ಬಂದರು, ಜೋಕೆ’. ‘ರಾತ್ರಿ’ ಎಂಬುದಕ್ಕೆ ಸನ್ನೆ ಕಟ್ಟಿದವಳು ಕರಿಯವ್ವ: ಎರಡೂ ಮುಷ್ಟಿ ಬಿಗಿದು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುವುದು. ಆಗ ಸೀಮೆಎಣ್ಣೆಗೆ ಕಂಟ್ರೋಲು, ಅಳೆದು ಕೊಡುತ್ತಿದ್ದರು. ಊಟ ಮುಗಿಯುತ್ತಲೇ ಅತ್ತೆ ದೀಪ ಆರಿಸುತ್ತಿದ್ದರು. ಕೈ ಕಾಣದಿದ್ದರೆ ಅವಳಿಗೆ ಮಾತೆಲ್ಲಿಯದು?

ಶಿರಹಟ್ಟಿಯಿಂದ ಗಂಡಿನವರು ಅವಳನ್ನು ನೋಡಲು ಬಂದರು. “ಹುಡುಗಿಗೆ ಭಾಳ ನಾಚಿಕಿ ಅಂತ ಹೇಳತೇನಿ. ತಾಳಿ ಬೀಳೂ ತನಕ ನೀ ಬಾಯಿ ಮುಚ್ಚಿಕೊಂಡಿರು” ಎಂದು ಅತ್ತೆ ನನಗೆ ತಾಕೀತು ಮಾಡಿದ್ದರು. ಮುಚ್ಚಿಟ್ಟು ಕೊಟ್ಟರೆ ನಾಳೆ ಆ ಮನೆಯಲ್ಲಿ ಇವಳ ಗತಿಯೇನು? ಗಂಡಿನ ತಾಯಿ “ಹೆಸರೇನವಾ?” ಎಂದು ಕೇಳಿದ್ದೇ ತಡ, ನನ್ನಿಂದ ತಡೆಯಲಾಗಲಿಲ್ಲ.

“ಅಕಿಗೆ ಕಿವಿ ಕೇಳಂಗಿಲ್ರಿ, ಮಾತೂ ಬರೂದಿಲ್ರಿ. ಕೈಲೆ ಮಾತಾಡ್ತಾಳ.”

ಅತ್ತೆಯ ಮುಖ ಸುಟ್ಟ ಬದನೆಕಾಯಿ ಆಯಿತು. ಗಂಡಿನ ತಾಯಿ ಎದ್ದೇ ನಿಂತಳು. ಮಗ ಉಡಚಪ್ಪ ಮಾತ್ರ ಕದಲಲಿಲ್ಲ.

“ದೀಪ ಆರಿಸಿದ ಮ್ಯಾಲ ಹೆಂಗ್ರಿ ಅಕ್ಕಾರ?” ಎಂದು ನನ್ನನ್ನೇ ಕೇಳಿದ.

“ಮಾತಿಲ್ಲಪಾ” ಎಂದೆ. ಆ ಮುಷ್ಟಿ ತೋರಿಸಿ ಅರ್ಥ ಹೇಳಿದೆ.

ಅವನು ಕರಿಯವ್ವನ ಕೈಗಳನ್ನೇ ನೋಡಿದ. “ಯವ್ವಾ, ಕುಂಡ್ರು. ನಾ ಇಕಿನ್ನ ಮಾಡ್ಕೋತೇನಿ” ಎಂದ.

ಮದುವೆಯಾಯಿತು. ಅತ್ತೆ ನನ್ನೊಂದಿಗೆ ಬಹಳ ದಿನ ಮಾತು ಬಿಟ್ಟರು, ಬಿಡಲಿ, ಸುಖವಾಗಿದ್ದೆ. ಆದರೆ ನಮ್ಮ ಮನೆಯ ದೀಪ ಆರಿದಾಗಲೆಲ್ಲ ಅವಳದೇ ಯೋಚನೆ. ಹೊಸ ಜನರ ನಡುವೆ ಕತ್ತಲಲ್ಲಿ ಅವಳು ಮುಷ್ಟಿ ಬಿಗಿದು ಹೇಗೆ ಬಿದ್ದಿರುತ್ತಾಳೋ ಎಂದು.

ಏಕೀಕರಣವಾದ ವರ್ಷ ಅವಳ ಎರಡನೆಯ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಶಿರಹಟ್ಟಿಗೆ ಹೋದೆ. ಊಟವಾಗಿ ಹಾಸಿಗೆ ಹಾಸಿದ ಮೇಲೆ ಅವಳು ನನ್ನೆದುರು ಅಂಗೈ ಚಾಚಿದಳು. ಬಾಣಂತಿ, ಏನೋ ಬೇಕಾಗಿರಬೇಕು ಎಂದು ಡಬ್ಬಿಯಿಂದ ಒಂದು ಅಂಟಿನುಂಡೆ ತೆಗೆದು ಇಟ್ಟೆ. ಉಡಚಪ್ಪ ಬಿದ್ದು ಬಿದ್ದು ನಕ್ಕ.

“ಅಕಿ ಏನೂ ಬೇಡಾಕತ್ತಿಲ್ರಿ ಅಕ್ಕಾರ. ರಾತ್ರಿ ಆತು ಅನ್ನಾಕತ್ತಾಳ. ನಮ್ಮ ಮನ್ಯಾಗ ರಾತ್ರಿಗೆ ಹಂಗ ಅಂತೇವಿ.”

ಅಷ್ಟು ಹೇಳಿ ದೀಪ ಆರಿಸಿ ಪಡಸಾಲೆಗೆ ಹೋದ. ಕತ್ತಲಲ್ಲಿ ಕರಿಯವ್ವ ನನ್ನ ಕೈ ಎಳೆದುಕೊಂಡು, ಅಂಗೈ ಮೇಲೆ ಬೆರಳಿನಿಂದ ಗೀರುತ್ತ, ತಟ್ಟುತ್ತ, ನಡುನಡುವೆ ಚಿವುಟುತ್ತ ಮಾತು ಸುರುಮಾಡಿದಳು. ಇದು ನಾವು ಕಟ್ಟಿದ ಭಾಷೆಯಲ್ಲ, ಗಂಡಹೆಂಡತಿ ಕಟ್ಟಿಕೊಂಡದ್ದು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ನಿನ್ನ ಹೆತ್ತವ್ವನ ಹೊಟ್ಟೆ ತಣ್ಣಗಿರಲಿ ಉಡಚಪ್ಪಾ, ಎಂದು ಕಣ್ಣೀರು ಹಾಕಿದೆ. ಅವಳ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ನಿದ್ದೆಗೆ ಕಣ್ಣು ಎಳೆಯುತ್ತಿತ್ತು. “ಸಾಕು ಮಲಕ್ಕೋ ನಮ್ಮವ್ವಾ” ಎಂದರೆ ಅವಳಿಗೆ ಕೇಳಬೇಕಲ್ಲ! ಮಾತಾಡುತ್ತಲೇ ಇದ್ದಳು.