ಇಲ್ಲದ ನಾಯಿಯ ವಸತಿ ಖರ್ಚು

ಕರ್ನಾಟಕದ ಗಡಿಯಾಚೆಯ ನಿಲಂಗಾದ ನಮ್ಮ ಮನೆಯಲ್ಲಿ ನಾಯಿ ಇಲ್ಲ. ಎಂದೂ ಇರಲಿಲ್ಲ. ನಮ್ಮ ಅತ್ತೆಗೆ ನಾಯಿ ಕಂಡರಾಗುವುದಿಲ್ಲ. ಓಣಿಯಲ್ಲಿ ಒಂದು ಮಲಗಿದ್ದರೂ ಅದು ಎದ್ದುಹೋಗುವವರೆಗೆ ಹೊಸ್ತಿಲು ದಾಟುವವರಲ್ಲ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಮೊಬೈಲಿಗೆ ಬಂದ ನನ್ನ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಪುಣೆಯ ಒಂದು ನಾಯಿ ಹಾಸ್ಟೆಲ್ಲಿನ ಹೆಸರಿತ್ತು.

ನಾನು ಮರಾಠಿ ಶಾಲೆಯೊಂದರಲ್ಲಿ ಶಿಕ್ಷಕಿ. ಸಂಬಳದ ಖಾತೆಯ ಜೊತೆಗೆ ಬಂದ ಆ ಕಾರ್ಡನ್ನು ಬಳಸಿದ್ದೇ ಕಡಿಮೆ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಯಜಮಾನರಿಗೆ ಅದರ ಮೇಲೆ ನಂಬಿಕೆಯೂ ಇರಲಿಲ್ಲ. ಹಿಂದಿನ ತಿಂಗಳು ಅವರ ಸಂಬಂಧಿಕರ ಮಗಳ ಮದುವೆಗೆಂದು ನಾವು ಮೂವರೂ, ಅಂದರೆ ಅತ್ತೆ, ಅವರು ಮತ್ತು ನಾನು, ಪುಣೆಗೆ ಹೋಗಿದ್ದೆವು. ಅಲ್ಲಿ ಒಂದೆರಡು ಕಡೆ ಕಾರ್ಡು ಕೊಟ್ಟಿದ್ದು ನಿಜ. ನಾಯಿಗಾಗಿ ಮಾತ್ರ ಕೊಟ್ಟಿರಲಿಲ್ಲ.

ಬಿಲ್ಲನ್ನು ಗಟ್ಟಿಯಾಗಿ ಓದಿದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ನಾಯಿ ಹಾಸ್ಟೆಲ್ ಅಂದ್ರ? ನಾಯಿ ಸಾಲಿಗಿ ಹೋಗ್ತಾವೇನು ಅಲ್ಲಿ?"

"ಇಲ್ರೀ ಅತ್ತಿ, ಮಂದಿ ಊರಿಗಿ ಹೋಗೋ ಮುಂದ ನಾಯಿಗೆ ಅಲ್ಲಿ ಬಿಟ್ಟು ಹೋಗ್ತಾರ. ಉಣ್ಣಾಕ ಕೊಡ್ತಾರ, ಮಲಗಸ್ತಾರ."

ಅತ್ತೆ ಹಿಟ್ಟಿನ ಕೈ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಅಂದ್ರ, ನಾವು ಪುಣ್ಯಾದಾಗ ಇಳದಿದ್ದೆವಲ್ಲ, ಆ ಖೋಲಿ ನಾಯಿದೇ ಇತ್ತೇನು?"

ಮದುವೆ ಮಂಟಪದ ಕೋಣೆಗಳೆಲ್ಲ ತುಂಬಿದ್ದರಿಂದ ನಾವು ಹತ್ತಿರದ ಒಂದು ಲಾಜಿನಲ್ಲಿ ಇಳಿದುಕೊಂಡಿದ್ದೆವು. ಸಣ್ಣ ಕೋಣೆ, ಗಿಡ್ಡ ಮಂಚ. ಅದನ್ನೆಲ್ಲ ಅತ್ತೆ ಈಗ ಒಂದೊಂದಾಗಿ ನೆನೆಸಿಕೊಳ್ಳತೊಡಗಿದರು. ಯಜಮಾನರು ಸುಮ್ಮನಿರಬಹುದಿತ್ತು. "ಹೌದವ್ವ, ಖಿಡಕಿಗೆ ಸರಪಳಿನೂ ಇತ್ತು" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಮದುವೆಗೆ ಒಯ್ದಿದ್ದ ಸೀರೆ, ಧೋತರ, ಟವೆಲ್ಲು, ಒಗೆದು ಮಡಚಿಟ್ಟಿದ್ದೆಲ್ಲ ಕಪಾಟಿನಿಂದ ಹೊರಬಂದು ಮತ್ತೊಮ್ಮೆ ಸೋಪಿನ ನೀರಿಗೆ ಬಿದ್ದವು.

ನಾನು ಕಾರ್ಡಿನ ಕಂಪನಿಗೆ ಫೋನು ಹಚ್ಚಿದೆ. ಹಿಂದಿಗೆ ಇಷ್ಟು ಒತ್ತಿ, ಮರಾಠಿಗೆ ಇಷ್ಟು ಒತ್ತಿ ಎಂದು ಹೇಳುತ್ತಾ ಕಡೆಗೆ ಕನ್ನಡವೂ ಬಂತು. "ಕನ್ನಡನೇ ಒತ್ತು, ನಮ್ಮವರು ಇರ್ತಾರ" ಎಂದರು ಯಜಮಾನರು, ಹುರುಪಿನಿಂದ. ಒತ್ತಿದೆ. ಬಹಳ ಹೊತ್ತಿನ ಸಂಗೀತದ ಬಳಿಕ ಒಬ್ಬ ಹುಡುಗಿ ಮಾತಾಡಿದಳು. ದೂರದ ಬೆಂಗಳೂರಿನ ಕಡೆಯ ದನಿ, ಬಲು ನಯ.

"ಹೇಳಿ ಮೇಡಂ, ನಿಮಗೆ ಏನು ಸಹಾಯ ಬೇಕಿತ್ತು?"

"ನಮ್ಮ ಬಿಲ್‌ನ್ಯಾಗ ಒಂದು ನಾಯಿ ಖರ್ಚು ಹಚ್ಚೀರಿ. ನಮ್ಮ ಬಲ್ಲಿ ನಾಯಿನೇ ಇಲ್ಲರೀ. ನಾವು ಲಗ್ನಕ್ಕಂತ ಪುಣ್ಯಾಕ್ಕ ಹೋಗಿದ್ದೆವು, ಅಷ್ಟೇ."

"ಪುಣ್ಯಕ್ಕಾ ಮೇಡಂ?"

"ಹೌದ್ರೀ, ಪುಣ್ಯಾಕ್ಕ."

ಆ ಕಡೆ ಕೀಲಿಮಣೆಯ ಸಪ್ಪಳ ಕೇಳಿಸಿತು. "ಅರ್ಥ ಆಯ್ತು ಮೇಡಂ. ಪುಣ್ಯಕ್ಕೆ ಅಂತ ನಾಯಿಗಳಿಗೆ ದೇಣಿಗೆ ಕೊಟ್ಟಿದ್ದೀರಿ. ಕ್ಷಮಿಸಿ, ದೇಣಿಗೆ ಕೊಟ್ಟ ಹಣ ವಾಪಸ್ ಬರೋದಿಲ್ಲ."

ನಾನು ಪುಣೆ ಎಂಬುದು ಊರು ಎಂದು ವಿವರಿಸಿದೆ. ಲಗ್ನವೆಂದರೆ ಮದುವೆ ಎಂದೆ. ತಕರಾರು ಬರೆದುಕೊಳ್ಳಿ ಎಂದೆ. ಪಾಪ, ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, "ಮೇಡಂ, ನಿಮಗೆ ಮರಾಠಿ ಅನುಕೂಲ ಅನಿಸುತ್ತೆ, ಆ ಲೈನಿಗೆ ಕೊಡಲಾ?" ಎಂದಳು. ಕೊಟ್ಟೂಬಿಟ್ಟಳು. ಅಲ್ಲಿದ್ದ ಹುಡುಗ ನನ್ನ ಮರಾಠಿಯ ಎರಡು ಮಾತು ಕೇಳಿ, ನೀವು ಕರ್ನಾಟಕದವರೇ ಎಂದು ಮರಾಠಿಯಲ್ಲಿ ವಿಚಾರಿಸಿದ. ದಿನವೂ ಮಕ್ಕಳಿಗೆ ಮರಾಠಿ ವ್ಯಾಕರಣ ಹೇಳಿಕೊಡುವ ನನಗೆ ಸಿಟ್ಟೂ ಬಂತು, ನಗುವೂ ಬಂತು.

ಅವನ ಮಾತು ಮಾತ್ರ ಖಚಿತವಾಗಿತ್ತು: ಕಾರ್ಡು ಯಂತ್ರಕ್ಕೆ ಹಾಕಿದ್ದಾರೆ, ಗುಪ್ತ ಸಂಖ್ಯೆ ಒತ್ತಿದ್ದಾರೆ, ಆದ್ದರಿಂದ ವ್ಯವಹಾರ ನಿಮ್ಮದೇ. ಒಪ್ಪಿಗೆ ಇಲ್ಲದಿದ್ದರೆ ಆ್ಯಪಿನಲ್ಲಿ ಕಾರಣ ತೋರಿಸಿ. ಆ್ಯಪು ತೆರೆದು ನೋಡಿದೆ. ವಸ್ತು ತಲುಪಲಿಲ್ಲ, ವಸ್ತು ಒಡೆದಿತ್ತು, ಎರಡು ಸಲ ಹಣ ಹೋಯಿತು, ಸೇವೆ ಸಿಗಲಿಲ್ಲ. ನಾಯಿಯೇ ಇಲ್ಲ ಎಂಬ ಕಾರಣ ಎಲ್ಲಿಯೂ ಇರಲಿಲ್ಲ. "ಸೇವೆ ಸಿಗಲಿಲ್ಲ ಅಂತ ಹಾಕು" ಎಂದರು ಯಜಮಾನರು. ಯಾವ ನಾಯಿಗೆ ಸಿಗಲಿಲ್ಲ ಎಂದು ಕೇಳಿದರೆ ಏನು ಹೇಳುವುದು?

ಒಗೆದ ಬಟ್ಟೆ ಹಿಂಡುತ್ತಿದ್ದ ಅತ್ತೆ ಅಂಗಳದಿಂದಲೇ ಕೂಗಿದರು: "ಎಷ್ಟು ತಗೊಂಡಾರ ಆ ನಾಯಿಗೆ?"

ಹೇಳಿದೆ. ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದರು.

"ನಾಯಿಗೂ ಅಷ್ಟೇ, ನಮಗೂ ಅಷ್ಟೇ? ನಾವು ಮೂರು ಮಂದಿ ಇದ್ದೆವು, ಒಂದು ಕಪ್ ಚಾ ಸೈತ ಕೊಡ್ಲಿಲ್ಲ. ನಾಯಿಗೆ ಊಟ ಹಾಕಿ ಅಷ್ಟೇ ರೊಕ್ಕ ತಗೊಂಡಾರ!"

ಲಾಜಿನ ಬಾಡಿಗೆ ಹೆಚ್ಚಾಯಿತೆಂದು ಪುಣೆಯಲ್ಲಿ ವಾದ ಮಾಡಿದ್ದವರು ಅವರೇ. ಮೊತ್ತ ಅವರ ಬಾಯಲ್ಲೇ ಇತ್ತು. ನಾನು ಮೊಬೈಲಿನ ಪರದೆಯನ್ನು ಕೆಳಕ್ಕೆ ಸರಿಸಿದೆ. ಅಲ್ಲಿ ಲಾಜಿನ ಹೆಸರು. ನಾಯಿಯ ಖರ್ಚಿಗೂ ನಮ್ಮ ಖರ್ಚಿಗೂ ಪೈಸೆಯ ವ್ಯತ್ಯಾಸವಿರಲಿಲ್ಲ. ತಾರೀಖೂ ಒಂದೇ.

ಆಗ ನೆನಪಾಯಿತು. ಲಾಜು ಬಿಡುವಾಗ ಕೌಂಟರಿನವನು ನನ್ನ ಕಾರ್ಡು ಹಾಕಿದ ಯಂತ್ರ ಬಹಳ ಹೊತ್ತು ಪರದೆಯ ಮೇಲೆ ಚಕ್ರ ತಿರುಗಿಸಿ, ಚೀಟಿ ಕೊಡದೆ ನಿಂತುಬಿಟ್ಟಿತ್ತು. ನೆಟ್‌ವರ್ಕ್ ಇಲ್ಲವೆಂದು ಅವನು ಹಿಂದಿನ ಬಾಗಿಲಿನಿಂದ ಹೋಗಿ ಬೇರೊಂದು ಯಂತ್ರ ತಂದ. ಅದರ ಬೆನ್ನಿಗೆ ನಾಯಿಮರಿಯ ಚಿತ್ರ ಅಂಟಿಸಿತ್ತು. ಯಾವುದೋ ಮಗುವಿನ ಕೆಲಸವಿರಬೇಕೆಂದುಕೊಂಡು ನಾನು ಎರಡನೆಯ ಸಲ ಸಂಖ್ಯೆ ಒತ್ತಿದ್ದೆ. ಮೊಬೈಲು ಚಾರ್ಜಿಲ್ಲದೆ ಆರಿಹೋಗಿತ್ತು. ಆಮೇಲೆ ಒಟ್ಟಿಗೆ ಬಂದ ಸಂದೇಶಗಳ ರಾಶಿಯಲ್ಲಿ ಎರಡು ಯಂತ್ರಕ್ಕೂ ಹಣ ಹೋದದ್ದನ್ನು ಬಿಡಿಸಿ ನೋಡಿದವರು ಯಾರು?

ದಾರಿ ಕೇಳಲು ಫೋನು ಮಾಡಿದ್ದರಿಂದ ಲಾಜಿನ ನಂಬರು ಯಜಮಾನರ ಮೊಬೈಲಿನಲ್ಲಿತ್ತು. ಮಾಲೀಕನೇ ಸಿಕ್ಕ. ನಮಗೆ ಒಂದೇ ಸಲ ದುಡ್ಡು ಬಂದಿದೆ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದ. ಯಜಮಾನರು ನಾಯಿಮರಿ ಚಿತ್ರದ ಯಂತ್ರದ ಸಂಗತಿ ಹೇಳುವಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡರು.

"ಅಹೋ, ಆಧೀ ಸಾಂಗಾ, ತೀ ಖೋಲೀ ಕುತ್ರ್ಯಾಚೀ ಹೋತೀ ಕಾ?" ಮೊದಲು ಹೇಳಿ, ಆ ಕೋಣೆ ನಾಯಿಯದಾಗಿತ್ತೇ ಎಂದು.

 ಆ ಕಡೆ ನಗು. ಇಲ್ಲ ಅಜ್ಜಿ, ಹಿತ್ತಲಿನ ಬೇರೆ ಕಟ್ಟಡದಲ್ಲಿ ನನ್ನ ತಂಗಿ ನಾಯಿ ಹಾಸ್ಟೆಲ್ ನಡೆಸುತ್ತಾಳೆ, ಯಂತ್ರ ಅವಳದಿರಬೇಕು ಎಂದ. ಸ್ವಲ್ಪ ಹೊತ್ತಿಗೆ ಆ ತಂಗಿಯೇ ಫೋನು ಮಾಡಿದಳು. ಆಕೆಯ ಕಷ್ಟ ಬೇರೆಯೇ ಇತ್ತು. ಖಾತೆಗೆ ದುಡ್ಡು ಬಂದಿದೆ, ಅದಕ್ಕೆ ಸರಿಯಾದ ನಾಯಿ ಬಂದಿಲ್ಲ; ಯಾರೋ ಮುಂಗಡ ಕೊಟ್ಟು ನಾಯಿ ತರುವುದನ್ನೇ ಮರೆತಿದ್ದಾರೆಂದು ಅಷ್ಟು ದಿನವೂ ಹುಡುಕುತ್ತಿದ್ದಳಂತೆ. ಕ್ಷಮೆ ಕೇಳಿ ಅವತ್ತೇ ಹಣ ಹಿಂತಿರುಗಿಸಿದಳು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹಣ ಕಂಪನಿಗೆ ತಲುಪುವಷ್ಟರಲ್ಲಿ ಬಿಲ್ಲಿನ ಗಡುವು ದಾಟಿತ್ತು. ನಾಯಿಯ ಭಾಗವನ್ನು ನಾನು ಹಟ ಹಿಡಿದು ಕಟ್ಟಿರಲಿಲ್ಲ. ಅದಕ್ಕೆ ದಂಡ, ದಂಡದ ಮೇಲೆ ಬಡ್ಡಿ. ಮತ್ತೆ ಫೋನು, ಮತ್ತೆ ಯಜಮಾನರ ಹಟಕ್ಕೆ ಕನ್ನಡ. ಈ ಸಲ ಗಂಡು ದನಿ. ನಾನು ಎಚ್ಚರಿಕೆಯಿಂದ, ಪುಸ್ತಕ ಓದಿದಂತೆ, "ಪುಣೆ ನಗರದ ವಸತಿಗೃಹವೊಂದರಲ್ಲಿ ನನ್ನ ಕಾರ್ಡಿನಿಂದ ತಪ್ಪಾಗಿ ಎರಡು ಬಾರಿ ಹಣ ಪಡೆಯಲಾಗಿತ್ತು" ಎಂದು ಶುರುಮಾಡಿದೆ. ಅವನೂ ಅಷ್ಟೇ ಶುದ್ಧವಾಗಿ ಉತ್ತರಿಸಿದ. ದಂಡದ ಮಾತು ಬಂದಾಗ ನನ್ನ ತಾಳ್ಮೆ ಹೋಯಿತು.

"ಅಲ್ರೀ, ತಪ್ಪು ಅವರು ಮಾಡ್ಯಾರ, ದಂಡ ನಮಗ ಯಾಕ ಹಚ್ಚೀರಿ?"

ಅವನ ದನಿ ತಟ್ಟನೆ ಬದಲಾಯಿತು. "ಅಕ್ಕಾ, ನೀವು ಯಾವ ಕಡಿಯವ್ರು ರೀ?"

"ನಿಲಂಗಾ."

"ನಾ ಭಾಲ್ಕಿ ಕಡಿಯಂವ ರೀ. ಹಾಂಗಾದ್ರ ಸುಮ್ಮನ ನಮ್ಮ ಮಾತಿನಾಗೇ ಹೇಳ್ರಿ, ಏನೇನಾಗ್ಯಾದ?"

ಹೇಳಿದೆ. ನಾಯಿಮರಿಯ ಚಿತ್ರಕ್ಕೆ ಬರುವಷ್ಟರಲ್ಲಿ ಅವನು ನಗು ತಡೆಯಲಾರದೆ ಕೆಮ್ಮುತ್ತಿದ್ದ. ಎಲ್ಲ ಬರೆದುಕೊಂಡು, ದಂಡವನ್ನೂ ಬಡ್ಡಿಯನ್ನೂ ತೆಗೆಯಲು ಮೇಲಿನವರಿಗೆ ಕಳಿಸುತ್ತೇನೆಂದ. ಸ್ಪೀಕರಿನಲ್ಲಿ ಭಾಲ್ಕಿ ಎಂಬ ಹೆಸರು ಕೇಳಿದಾಗಿನಿಂದ ಕಾದಿದ್ದ ಅತ್ತೆ ಮತ್ತೆ ಫೋನಿಗೆ ಕೈ ಹಾಕಿದರು.

"ಯಾರ ಮನಿಯಂವ ತಮ್ಮಾ ನೀ? ನಮ್ಮ ಚಿಕ್ಕಮ್ಮಗ ಭಾಲ್ಕಿಗೇ ಕೊಟ್ಟಾರ."

"ಅಜ್ಜಿ, ಈ ಮಾತೆಲ್ಲ ರೆಕಾರ್ಡ್ ಆಗ್ಲಿಕತ್ತದ ರೀ."

"ಆಗ್ಲಿ ಬಿಡು. ನಾ ಏನು ಸುಳ್ಳು ಹೇಳ್ಲಿಕತ್ತೀನಾ?"

ಮುಂದಿನ ಬಿಲ್ಲಿನಲ್ಲಿ ನಾಯಿಯೂ ಇರಲಿಲ್ಲ, ದಂಡವೂ ಇರಲಿಲ್ಲ. ಉಳಿದದ್ದನ್ನು ನಾನು ಅವತ್ತೇ ಕಟ್ಟಿದೆ.

ಆಮೇಲೊಮ್ಮೆ ಉದಗೀರದ ನೆಂಟರ ಮನೆಗೆ ಹೋದಾಗ ಅತ್ತೆ ಇದನ್ನೆಲ್ಲ ಅಡುಗೆಮನೆಯಲ್ಲಿ ಕುಳಿತು ಸವಿಸ್ತಾರವಾಗಿ ಹೇಳಿದರು. ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಾಕೆ ಮಾತ್ರ ನಗದೆ, ಪುಣೆಯಲ್ಲಿರುವ ತನ್ನ ಮಗ ನಾಯಿ ಸಾಕಿದ್ದಾನೆ, ಊರಿಗೆ ಬಾ ಎಂದರೆ ಅದನ್ನು ಎಲ್ಲಿ ಬಿಡಲಿ ಅನ್ನುತ್ತಾನೆ, ಆ ಹಾಸ್ಟೆಲ್ ಹೇಗಿದೆ ಎಂದು ಗಂಭೀರವಾಗಿ ಕೇಳಿದಳು.

ಅತ್ತೆ ನನ್ನ ಕಡೆ ತಿರುಗಿ ನಂಬರು ಕೊಡು ಎಂದು ಸನ್ನೆ ಮಾಡಿದರು. ಆಮೇಲೆ ಆಕೆಗೆ ಭರವಸೆ ಕೊಟ್ಟರು: "ಛಲೋ ಮಂದಿ ಇದ್ದಾರ. ನಾಯಿ ಹೋಗ್ಲಿಲ್ಲಂದ್ರ ರೊಕ್ಕ ವಾಪಸ್ ಕೊಡ್ತಾರ."